ಒಂದು ಹೊತ್ತಿಗೆ ಒಂದೇ ಮಗು: ಮೈಸೂರಿನ ಓದು ಬರಹದ ಮನೆಪಾಠವೊಂದರ ವಿಮರ್ಶೆ

ಮೈಸೂರಿನ ಸರಸ್ವತೀಪುರಂನಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲಿಯೇ, ಒಂದು ಹೊತ್ತಿಗೆ ಒಂದೇ ಮಗುವನ್ನು ಕೂರಿಸಿಕೊಂಡು ಕನ್ನಡ ಓದು ಬರಹವನ್ನು ಕಲಿಸುತ್ತಾರೆ. ಮೂರನೇ ತರಗತಿಯಲ್ಲಿರುವ ನಮ್ಮ ಮಗನನ್ನು ಶಾಲೆ ಆರಂಭವಾದ ಜೂನ್‌ನಿಂದ ಅಲ್ಲಿಗೆ ಕಳುಹಿಸುತ್ತಿದ್ದೇವೆ. ಅವರು ಬಾಗಿಲಿಗೆ ಫಲಕ ಹಾಕಿದವರಲ್ಲ, ಹೆಸರು ಹಾಕುವುದೂ ಬೇಡವೆಂದಿದ್ದಾರೆ. ಆದರೆ ಗಮನ ನಿಲ್ಲದ ಮಗುವಿಗೆ ಇಂತಹ ಪಾಠವನ್ನು ಹುಡುಕುತ್ತಿರುವ ಪೋಷಕರು ಹಣ ಕೊಡುವ ಮುನ್ನ ಏನನ್ನು ನೋಡಬೇಕು ಎಂಬುದು ನಮಗೆ ಅಲ್ಲಿ ತಿಳಿದುಬಂದಿರುವುದರಿಂದ, ಒಳಿತು ಕೆಡುಕು ಎರಡನ್ನೂ ಬರೆಯುತ್ತಿದ್ದೇನೆ.

ಹುಡುಗ ಮಾತಿನಲ್ಲಿ ಚುರುಕು, ಕೇಳಿದ ಕಥೆಯನ್ನು ಬಣ್ಣ ಕಟ್ಟಿ ಹೇಳಬಲ್ಲ. ಪುಸ್ತಕ ತೆರೆದರೆ ಮಾತ್ರ ಎರಡನೆಯ ಸಾಲಿಗೇ ಕಣ್ಣು ಕಿಟಕಿಗೆ ಹೋಗುತ್ತದೆ, ಕೈ ರಬ್ಬರನ್ನು ಚೂರು ಮಾಡತೊಡಗುತ್ತದೆ. ಪದದ ಮೊದಲ ಅಕ್ಷರವನ್ನು ನೋಡಿ ಉಳಿದುದನ್ನು ಊಹಿಸುವುದು ಅವನ ಅಭ್ಯಾಸವಾಗಿತ್ತು. 'ಮರದ' ಎಂದಿದ್ದರೆ 'ಮನೆಯ' ಎಂದು ಓದಿ ಮುಂದೆ ಹೋಗಿಬಿಡುತ್ತಿದ್ದ. ಇದಕ್ಕೆ ಮೊದಲು ಅವನು ಹೋಗುತ್ತಿದ್ದ ಟ್ಯೂಷನ್ನಿನಲ್ಲಿ ಹತ್ತಾರು ಮಕ್ಕಳು ಸಾಲಾಗಿ ಕುಳಿತು ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದರು. ಹಾಗೆ ಓದುವಾಗ ಅವನ ಬಾಯಿ ಉಳಿದವರ ಬಾಯಿಯೊಂದಿಗೆ ಸರಾಗವಾಗಿ ಆಡುತ್ತಿತ್ತು, ಕಣ್ಣು ಪುಟದ ಮೇಲೆ ಇರುತ್ತಿರಲಿಲ್ಲ, ಮತ್ತು ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಗಟ್ಟಿ ಓದಿನ ಗದ್ದಲದಲ್ಲಿ ಓದದ ಮಗು ಅಡಗಿಕೊಳ್ಳುವಷ್ಟು ಸುಲಭವಾಗಿ ಬೇರೆಲ್ಲೂ ಅಡಗಿಕೊಳ್ಳಲಾರದು.

ಮೊದಲ ಭೇಟಿಯಲ್ಲಿ ಶಿಕ್ಷಕಿ ಪಾಠದ ಮಾತನ್ನೇ ಎತ್ತಲಿಲ್ಲ. ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರು. ಮಾಡಿಸದಿದ್ದರೆ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು. ಕಲಿಕೆಯ ತೊಡಕು ಇದೆಯೇ ಎಂಬ ನಮ್ಮ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಮೆಚ್ಚುಗೆಯಾಯಿತು: "ನೋಡಮ್ಮ, ನಾನು ಪಾಠ ಹೇಳೋಳು, ಡಾಕ್ಟರಲ್ಲ. ಅದನ್ನ ಹೇಳೋವ್ರು ಬೇರೆ ಇದ್ದಾರೆ." ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂತಹ ತಪಾಸಣೆ ನಡೆಯುತ್ತದೆಂದೂ, ಆರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಅಲ್ಲಿಗೇ ಹೋಗಬೇಕೆಂದೂ ತಿಳಿಸಿದರು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಸರಿಸಿದ 21 ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದ್ದರೂ, ಅದನ್ನು ಗುರುತಿಸುವ ಕೆಲಸ ಮನೆಪಾಠದವರದ್ದಲ್ಲ. ಮಗುವನ್ನು ಹತ್ತು ನಿಮಿಷ ನೋಡಿ ರೋಗದ ಹೆಸರನ್ನೋ ವಾಸಿ ಮಾಡುವ ಭರವಸೆಯನ್ನೋ ಕೊಡುವವರಿಂದ ದೂರವಿರುವುದು ಲೇಸು.

ಪಾಠ ನಡೆಯುವುದು ನಲವತ್ತು ನಿಮಿಷ. ಮೇಜು ಗೋಡೆಗೆ ಮುಖ ಮಾಡಿದೆ, ಅದರ ಮೇಲೆ ಆ ಹೊತ್ತಿಗೆ ಬೇಕಾದ ಒಂದೇ ವಸ್ತು ಇರುತ್ತದೆ, ಕಂಪಾಸ್ ಬಾಕ್ಸ್ ಹೊರಗಿನ ಕೋಣೆಯಲ್ಲೇ ಉಳಿಯುತ್ತದೆ. ನಲವತ್ತು ನಿಮಿಷವೂ ಒಂದೇ ಕೆಲಸವಿಲ್ಲ: ಏಳೆಂಟು ನಿಮಿಷ ಓದು, ಬಳಿಕ ಅಕ್ಷರದ ಚೀಟಿಗಳ ಆಟ, ನಡುವೆ ಎದ್ದು ಹೋಗಿ ಗಿಡಕ್ಕೆ ಒಂದು ಚೊಂಬು ನೀರು ಹಾಕಿ ಬರುವುದು, ಮತ್ತೆ ಬರವಣಿಗೆ, ಕೊನೆಗೆ ಅವರು ಓದಿ ಹೇಳುವ ಒಂದು ಕಥೆ. ನೀರು ಹಾಕಲು ಎಬ್ಬಿಸುವುದು ಮಗು ಚಡಪಡಿಸತೊಡಗಿದ ಮೇಲಲ್ಲ, ಅದಕ್ಕೂ ಕೊಂಚ ಮೊದಲೇ. ಚಡಪಡಿಸಿದ ಮೇಲೆ ಬಿಟ್ಟರೆ ಚಡಪಡಿಸಿದರೆ ಬಿಡುತ್ತಾರೆ ಎಂದು ಮಗು ಕಲಿಯುತ್ತದೆ ಎಂಬುದು ಅವರ ವಿವರಣೆ, ಮತ್ತು ನಾನು ನೋಡಿದಂತೆ ಅದು ಸರಿಯಾಗಿಯೇ ಇದೆ. ಓದುವಾಗ ಪುಟದ ಮೇಲೆ ಒಂದು ರಟ್ಟು ಇಡುತ್ತಾರೆ. ಒಂದು ಸಾಲು ಮಾತ್ರ ಕಾಣುವಷ್ಟು ಅದರಲ್ಲಿ ಕತ್ತರಿಸಿದ ಕಿಂಡಿಯಿದೆ. ಚಿತ್ರ, ಪುಟಸಂಖ್ಯೆ, ಕೆಳಗಿನ ಪ್ರಶ್ನೆಗಳು ಯಾವುವೂ ಕಣ್ಣಿಗೆ ಬೀಳುವುದಿಲ್ಲ.

ಈ ಪಾಠದ ನಿಜವಾದ ಬೆಲೆ ಇರುವುದು ತಪ್ಪಾದ ಮರುಕ್ಷಣದಲ್ಲಿ. ಗುಂಪಿನ ಪಾಠದಲ್ಲಿ ತಪ್ಪು ಓದಿದ ಮಗುವಿಗೆ ಸರಿಯಾದ ಪದವನ್ನು ಹೇಳಿಕೊಟ್ಟು ಮುಂದೆ ಸಾಗುತ್ತಾರೆ, ಅಥವಾ ಪಕ್ಕದವನು ಹೇಳಿಬಿಡುತ್ತಾನೆ. ಇಲ್ಲಿ ಯಾರೂ ಹೇಳಿಕೊಡುವುದಿಲ್ಲ, ಗದರುವುದೂ ಇಲ್ಲ. ಓದು ಆ ಪದದಲ್ಲಿಯೇ ನಿಲ್ಲುತ್ತದೆ. ನಾನು ಒಳಗೆ ಕುಳಿತಿದ್ದ ಒಂದು ದಿನ ಅವನು 'ಸೂರ್ಯ' ಎಂಬುದನ್ನು 'ಸೂಯರ' ಎಂದು ಓದಿದ. ಶಿಕ್ಷಕಿ ರಟ್ಟನ್ನು ಪಕ್ಕಕ್ಕಿಟ್ಟು, 'ಯ' ಎಂದು ಬರೆದ ಚೀಟಿಯನ್ನೂ ಅರ್ಕಾವತ್ತಿನ ಚೀಟಿಯನ್ನೂ ಅವನ ಕೈಗೆ ಕೊಟ್ಟರು. "ಎಲ್ಲಿ ಕೂತಿದೆ ಅದು, ಕಂದ?" ಎಂದು ಕೇಳಿದರು. "ಯ ಆದ್ಮೇಲೆ" ಎಂದ. "ಬರೆಯೋವಾಗ ಹಿಂದೆ, ಓದೋವಾಗ ಮುಂದೆ. ಎಳ್ಕೊಂಡು ಮುಂದೆ ತಾ." ಅವನು ಚೀಟಿಯನ್ನು ಎಳೆದು 'ಯ'ದ ಮುಂದಿಟ್ಟು 'ಸೂರ್‌... ಯ' ಎಂದ. ಆ ಬಳಿಕ ಕಾರ್ಯ, ಪರ್ವತ, ಅರ್ಧ ಎಂದು ಒಂದರ ಹಿಂದೊಂದು ಕೊಟ್ಟರು. ಕಥೆ ಆ ದಿನ ಮುಂದುವರಿಯಲೇ ಇಲ್ಲ. ಪಠ್ಯಪುಸ್ತಕ ಮುಗಿಸುವ ಅವಸರವಿರುವವರು ಈ ನಿಲುಗಡೆಯನ್ನು ಸಹಿಸಲಾರರು, ಆದರೆ ಊಹಿಸಿ ಓದುವ ಅಭ್ಯಾಸ ಬಿಟ್ಟುಹೋದದ್ದು ಇಂತಹ ನಿಲುಗಡೆಗಳಿಂದಲೇ.

ಕನ್ನಡ ಲಿಪಿಯ ತೊಡಕುಗಳನ್ನು ಅರಿತು ಕಲಿಸುತ್ತಾರೆ ಎನ್ನುವುದು ಎರಡನೆಯ ಗುಣ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳೇ ಆದರೂ, 34 ವ್ಯಂಜನಗಳ ಕಾಗುಣಿತ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನಾಲ್ಕುನೂರನ್ನು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಅದನ್ನೆಲ್ಲ ಬಾಯಿಪಾಠ ಮಾಡಿಸದೆ, ಗುಡಿಸು, ಕೊಂಬು, ಏತ್ವಗಳನ್ನು ಬಿಡಿಬಿಡಿಯಾಗಿ ಚೀಟಿಗಳಲ್ಲಿ ಬರೆದು ಯಾವ ವ್ಯಂಜನಕ್ಕೆ ಬೇಕಾದರೂ ಜೋಡಿಸಲು ಬಿಡುತ್ತಾರೆ. ಅ, ಆ ಎಂದು ಸಾಲು ಹಿಡಿಯದೆ ರ, ಗ, ಸ, ದ, ಅ ಎಂದು ಆರಂಭಿಸುವ ನಲಿಕಲಿಯ ಕ್ರಮವನ್ನೇ ಅವರೂ ಅನುಸರಿಸುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ಆ ಪದ್ಧತಿಯ ತಿರುಳು ಇವರ ಕೈಯಲ್ಲಿ ಚೆನ್ನಾಗಿ ಪಳಗಿದೆ. ಐದು ಅಕ್ಷರ ಬಂದೊಡನೆ ರಸ, ಅರಸ, ಸರದ ಎಂದು ಓದಲು ಏನಾದರೊಂದು ಸಿಗುವುದರಿಂದ, ತಾಳ್ಮೆ ಕಡಿಮೆ ಇರುವ ಮಗುವಿಗೆ ಫಲ ಬೇಗ ಕಾಣುತ್ತದೆ. ಮ, ವ, ಯಗಳಂತೆ ನೋಟಕ್ಕೆ ಹತ್ತಿರವಿರುವ ಅಕ್ಷರಗಳನ್ನು ಒಂದೇ ದಿನ ಕಲಿಸುವುದಿಲ್ಲ. ಮೊದಲು ಒಂದನ್ನು ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಬೆರಳಿನಿಂದ ಬರೆಸಿ ಗಟ್ಟಿ ಮಾಡಿಸುತ್ತಾರೆ, ಇನ್ನೊಂದು ಬರುವುದು ವಾರದ ಮೇಲೆ. ಪ, ವಗಳಿಗೆ ಕೊಂಬು ಪಕ್ಕದಲ್ಲಿ ಬರದೆ ಕೆಳಗಿಳಿಯುತ್ತದೆ ಎಂಬಂತಹ ಸಣ್ಣ ಸಂಗತಿಯನ್ನೂ ಬಿಡಿಸಿ ತೋರಿಸುತ್ತಾರೆ.

ಓದಲು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಬಳಸುವುದು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದ ಕನ್ನಡ ಕಥೆಗಳ ಮುದ್ರಿತ ಪ್ರತಿಗಳನ್ನು. ಅವು ಉಚಿತವಾಗಿ ಸಿಗುತ್ತವೆ, ಓದುವ ಶಕ್ತಿಗೆ ತಕ್ಕಂತೆ ಹಂತಗಳಲ್ಲಿವೆ. ಪರದೆಯ ಮೇಲೆ ಓದಿಸುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಆನ್‌ಲೈನ್ ತರಗತಿಯೊಂದರಲ್ಲಿ ನಮ್ಮವನು ಪರದೆಯ ಮೂಲೆಯ ಗುಂಡಿಗಳನ್ನಷ್ಟೇ ಕಲಿತದ್ದನ್ನು ನೋಡಿದ ನಮಗೆ ಇದರಲ್ಲಿ ತಕರಾರಿಲ್ಲ.

ಬರವಣಿಗೆಯ ಫಲ ಓದಿನಷ್ಟಿಲ್ಲ. ದಸರಾ ರಜೆಯ ಹೊತ್ತಿಗೆ ಮಗ ಎರಡನೆಯ ಹಂತದ ಕಥೆಯನ್ನು ಯಾರೂ ಪಕ್ಕದಲ್ಲಿ ಕೂರದೆ ಓದಿ ಮುಗಿಸುತ್ತಿದ್ದ, ಆದರೆ ಉಕ್ತಲೇಖನದಲ್ಲಿ ದೀರ್ಘಗಳು ಇನ್ನೂ ಉದುರಿಹೋಗುತ್ತವೆ, ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗುತ್ತವೆ. ಕರಿಹಲಗೆಯಿಂದ ನಕಲು ಮಾಡಿಕೊಳ್ಳುವುದು ಅರ್ಧಕ್ಕೇ ನಿಲ್ಲುತ್ತದೆ ಎಂಬ ಶಾಲೆಯ ದೂರೂ ತಪ್ಪಿಲ್ಲ. ದೂರದ ಪದವನ್ನು ನೋಡಿ, ಮನಸ್ಸಿನಲ್ಲಿ ಹಿಡಿದು, ತಲೆ ತಗ್ಗಿಸಿ ಬರೆಯುವುದು ಓದಿಗಿಂತ ಬೇರೆಯದೇ ಆದ ಕಸರತ್ತು. ಅದಕ್ಕೆಂದು ಪದವನ್ನು ನೋಡಿ, ಗಟ್ಟಿಯಾಗಿ ಹೇಳಿ, ಮುಚ್ಚಿಟ್ಟು ಬರೆಯುವ ಅಭ್ಯಾಸವನ್ನು ಶಿಕ್ಷಕಿ ಆರಂಭಿಸಿದ್ದು ನಾವು ಕೇಳಿಕೊಂಡ ನಂತರವೇ; ಮೊದಲಿನಿಂದಲೇ ಇರಬೇಕಾಗಿತ್ತು. ಕಿಂಡಿಯ ರಟ್ಟನ್ನು ಬಿಡಿಸುವುದರಲ್ಲಿಯೂ ತಡ ಮಾಡಿದರೆಂದು ನನ್ನ ಅನಿಸಿಕೆ. ರಟ್ಟಿಲ್ಲದ ಪುಟದಲ್ಲಿ ಅವನ ವೇಗ ಈಗಲೂ ತಗ್ಗುತ್ತದೆ, ಶಾಲೆಯಲ್ಲಿ ರಟ್ಟು ಇರುವುದಿಲ್ಲ.

ವ್ಯವಹಾರದ ಕೊರತೆಗಳೂ ಇವೆ. ತರಗತಿಯೊಂದಕ್ಕೆ 450 ರೂಪಾಯಿ, ವಾರಕ್ಕೆ ಮೂರು ತರಗತಿ, ತಿಂಗಳ ಹಣ ಮುಂಗಡ. ಮಗುವಿಗೆ ಜ್ವರ ಬಂದು ತಪ್ಪಿದ ತರಗತಿಗೆ ಬದಲಿ ಇಲ್ಲ, ಅವರೇ ಊರಿಗೆ ಹೋದರೆ ಮಾತ್ರ ಇದೆ. ಪ್ರಗತಿಯ ಬಗ್ಗೆ ಬರವಣಿಗೆಯಲ್ಲಿ ಏನನ್ನೂ ಕೊಡುವುದಿಲ್ಲ, ಗೇಟಿನ ಬಳಿ ನಿಂತು ಹೇಳಿದ್ದಷ್ಟೇ. ಶಾಲೆಯವರಿಗೆ ತೋರಿಸಲು, ಮುಂದೆ ತಪಾಸಣೆಗೆ ಹೋದರೆ ವೈದ್ಯರಿಗೆ ಕೊಡಲು, ಯಾವ ಪದಗಳಲ್ಲಿ ಎಂತಹ ತಪ್ಪು ಎಂಬ ಒಂದು ಪುಟದ ಟಿಪ್ಪಣಿಯಾದರೂ ತಿಂಗಳಿಗೊಮ್ಮೆ ಇರಬೇಕಿತ್ತು. ಇಷ್ಟು ಹಣ ತೆರುವವರು ಅದನ್ನು ಕೇಳಿ ಪಡೆಯಬೇಕು. ಇಂಗ್ಲಿಷ್ ಓದನ್ನೂ ಕಲಿಸುತ್ತೇನೆನ್ನುತ್ತಾರಾದರೂ, ಅಲ್ಲಿ ಅವರ ಕ್ರಮ ಸ್ಪೆಲ್ಲಿಂಗ್ ಬಾಯಿಪಾಠಕ್ಕೇ ಸೀಮಿತವಾಗಿದೆ. ಅದಕ್ಕೆ ಬೇರೆಯವರನ್ನು ನೋಡುವುದು ಒಳ್ಳೆಯದು.

ಒಂದರಿಂದ ನಾಲ್ಕನೇ ತರಗತಿಯೊಳಗಿನ, ಮಾತು ಚೆನ್ನಾಗಿದ್ದು ಓದಿನಲ್ಲಿ ಮಾತ್ರ ಹಿಂದುಳಿದ ಮಗುವಿಗೆ ಈ ಪಾಠವನ್ನು ಧೈರ್ಯವಾಗಿ ಹೇಳಬಹುದು. ಪರೀಕ್ಷೆಯ ಅಂಕ ಈ ವರ್ಷವೇ ಏರಬೇಕೆನ್ನುವವರಿಗೆ ಇದು ಒಗ್ಗದು. ಸಂಜೆಯ ಹೊತ್ತುಗಳು ಭರ್ತಿಯಾಗಿವೆ, ಶನಿವಾರ ಬೆಳಗ್ಗೆ ಮಾತ್ರ ಜಾಗವಿದೆ, ಮತ್ತು ಸಂಜೆ ಬಳಲಿ ಬರುವ ಮಗುವಿಗಿಂತ ಬೆಳಗಿನ ಮಗು ಹೆಚ್ಚು ಹೊತ್ತು ಕೂರುತ್ತದೆಂದು ಅವರೇ ಹೇಳುತ್ತಾರೆ. ನಾವು ದಸರಾದ ನಂತರ ವಾರಕ್ಕೆ ಎರಡು ತರಗತಿಗೆ ಇಳಿಸಿ, ಎರಡನ್ನೂ ಬರವಣಿಗೆಗೇ ಮೀಸಲಿಡುವಂತೆ ಕೇಳಿಕೊಂಡಿದ್ದೇವೆ.