ಸ್ಪಿನ್ನಿಂಗ್‌ಗೆ ತಾಮ್ರ ಕೊಡುವ ಮುಂಚೆ ಆ ಶೆಡ್‌ನಲ್ಲಿ ಬೆಂಕಿ ಇದೆಯಾ ನೋಡಿ

ನಾನು ಐಟಿಐನಲ್ಲಿ ಟರ್ನರ್ ಓದಿದವನು. ಆರು ವರ್ಷ ಲೇತ್ ಮುಂದೆ ನಿಂತವನು. ಆದರೂ ಟೋಪಿ ಹಾಕಿಸಿಕೊಂಡೆ. ನಗುವವರು ನಕ್ಕುಬಿಡಿ, ಆಮೇಲೆ ಓದಿ.

ನಮ್ಮೂರ ದೇವಸ್ಥಾನದ ಗೋಪುರಕ್ಕೆ ತಾಮ್ರದ ಕಲಶ ಆಗಬೇಕಿತ್ತು. ಊರವರು ಚಂದಾ ಎತ್ತಿದ ದುಡ್ಡು. "ನೀನು ಬೆಂಗಳೂರಲ್ಲಿದ್ದೀಯ, ಲೇತ್ ಕೆಲಸ ಗೊತ್ತು, ನೀನೇ ಮಾಡಿಸ್ಕೊಂಡು ಬಾರಪ್ಪ" ಅಂದರು. 20 ಗೇಜು ದಪ್ಪದ ಐದು ಸರ್ಕಲ್, ಅಂದರೆ ದುಂಡಗೆ ಕತ್ತರಿಸಿದ ತಾಮ್ರದ ತಗಡು, ತಂದೆ. 400 ಮಿ.ಮೀ. ಅಗಲ, ಒಂದೊಂದೂ ಕೆಜಿಗಿಂತ ಚೂರು ಜಾಸ್ತಿ. ಅವನ್ನು ಒಂದು ಸ್ಪಿನ್ನಿಂಗ್ ಶೆಡ್‌ಗೆ ಕೊಟ್ಟೆ. ತಗಡನ್ನು ಲೇತ್‌ನಲ್ಲಿ ತಿರುಗಿಸುತ್ತಾ ಟೂಲ್‌ನಿಂದ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡೋದೇ ಸ್ಪಿನ್ನಿಂಗ್.

"ಹೊಟ್ಟೆ ಭಾಗ ಆಳ ಇದೆ, ನಡುವೆ ಎರಡು ಸಲವಾದರೂ ಕಾಯಿಸಬೇಕು" ಅಂದೆ. "ಅದನ್ನ ನೀವು ಹೇಳ್ಬೇಕಾ ಸಾರ್?" ಅಂದರು. ಕಾಯಿಸೋದಕ್ಕೆ ಅಂತಲೇ ಬೇರೆ 800 ರೂಪಾಯಿ ಇಸ್ಕೊಂಡರು.

ತಾಮ್ರವನ್ನು ಅಚ್ಚಿನ ಮೇಲೆ ಒತ್ತುತ್ತಾ ಹೋದರೆ ಗಡುಸಾಗುತ್ತದೆ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆದು. ಉಕ್ಕಿನ ಹಾಗಲ್ಲ, ನೀರು ತಾಗಿದರೆ ಗಡುಸಾಗಲ್ಲ. ಕಾಯಿಸದೆ ಒತ್ತಿದರೆ ಅಂಚು ಸೀಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ!

ಸಾಮಾನು ಕೈಗೆ ಬಂದಾಗ ಫಳಫಳ ಹೊಳೆಯುತ್ತಿತ್ತು. ಎರಡು ತುಂಡಿನ ಒಳಗಡೆ ಅಂಚಿನ ಹತ್ತಿರ ಬೂದು ಗೆರೆ ಇತ್ತು. ಟೂಲ್ ಗುರುತು ಅಂದುಕೊಂಡೆ. ಊರಲ್ಲಿ ಜೋಡಿಸೋಕೆ ಬಂದ ಕಂಚುಗಾರರು ಅಂಚಿಗೆ ಸುತ್ತಿಗೆಯಿಂದ ಎರಡೇ ಏಟು ಹಾಕಿದರು. ಟಪ್ ಅಂತ ಬಾಯಿ ಬಿಟ್ಟಿತು. "ಇದು ಬೆಸುಗೆ ಅಲ್ವೇನಪ್ಪಾ? ನೀನು ನೋಡ್ಲಿಲ್ವಾ?" ಸೀಳಿದ ಜಾಗಕ್ಕೆ ಸೀಸದ ಬೆಸುಗೆ ತುಂಬಿ, ಮೇಲೆ ಪಾಲಿಶ್ ಹೊಡೆದು ಕಳಿಸಿದ್ದರು. ಸುತ್ತ ಹತ್ತು ಜನ ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗ ನೆನಪಾಯಿತು. ಆ ಶೆಡ್‌ನಲ್ಲಿ ಒಂದು ಗಂಟೆ ಟೀ ಕುಡಿಯುತ್ತಾ ಕೂತಿದ್ದೆ. ಅಲ್ಲಿ ಬರ್ನರ್ ಇರಲಿಲ್ಲ. ನೀರಿನ ತೊಟ್ಟಿ ಇರಲಿಲ್ಲ. ಆಸಿಡ್ ಟಬ್ಬೂ ಇರಲಿಲ್ಲ. ಬೆಂಕಿಯಲ್ಲಿ ಕಾಯಿಸಿದ ತಾಮ್ರ ಕಪ್ಪಾಗುತ್ತದೆ, ನೀರು ಬೆರೆಸಿದ ಆಸಿಡ್‌ನಲ್ಲಿ ತೊಳೆದ ಮೇಲೇ ಬಣ್ಣ ಬರೋದು. ಅಲ್ಲಿ ಮೂಲೆಯಲ್ಲಿದ್ದ ಅರ್ಧ ಕೆಲಸದ ತುಂಡುಗಳೆಲ್ಲ ಹೊಸ ತಗಡಿನ ಹಾಗೇ ಮಿಂಚುತ್ತಿದ್ದವು. ನೋಡಿದ್ದೆ. ಕಣ್ಣಾರೆ ನೋಡಿದ್ದೆ!

ಫೋನ್ ಮಾಡಿದೆ. ಮೊದಲ ಉತ್ತರ: "ಲೇತ್ ಸ್ಪೀಡ್‌ಗೇ ಕಾಯುತ್ತೆ ಸಾರ್, ಬೇರೆ ಯಾಕೆ ಕಾಯಿಸ್ಬೇಕು?" ಟೂಲ್ ಉಜ್ಜಿದರೆ ಕೈ ಸುಡಬಹುದು ಅಷ್ಟೇ, ಕೆಂಪಾಗುತ್ತಾ? ಹಾಗಾದರೆ 800 ಯಾತಕ್ಕೆ ಇಸ್ಕೊಂಡ್ರಿ ಅಂದೆ. "ತಗಡು ನಿಮ್ದು ಸಾರ್, ಕಲಬೆರಕೆ ಇರ್ಬೇಕು." ಬಿಲ್ ಇದೆ ಅಂದೆ. "ಓನರ್ ಊರಲ್ಲಿಲ್ಲ." ಇಷ್ಟು ದಿನ ಮಾತಾಡಿದ್ದೇ ಓನರ್! ಆಮೇಲೆ ಫೋನ್ ಎತ್ತಿಲ್ಲ.

ಕೊಡೋ ಮುಂಚೆ ಬರ್ನರ್ ತೋರಿಸಿ ಅನ್ನಿ. ಮೊದಲ ತುಂಡು ಕಾಯಿಸುವಾಗ ಎದುರಿಗೇ ನಿಂತುಕೊಳ್ಳಿ. ಅಂಚು ಕತ್ತರಿಸಿದ ಚೂರುಗಳನ್ನು ತೂಕ ಹಾಕಿ ವಾಪಸ್ ಕೇಳಿ, ನನಗಂತೂ ಒಂದು ಚೂರೂ ಬರಲಿಲ್ಲ. ಪಾಲಿಶ್‌ಗೆ ಮುಂಚೆ ಒಳಗಡೆ ನೋಡಿ. ಟೀ ಕುಡಿಯಬೇಡಿ.

ಸೀಳಿದ ಎರಡು ತುಂಡು ನನ್ನ ಮಂಚದ ಕೆಳಗಿವೆ. ಊರವರಿಗೆ ಲೆಕ್ಕ ಇನ್ನೂ ಒಪ್ಪಿಸಿಲ್ಲ.