ದೋಹಾದ ಕಟಾರಾ: ಕಟ್ಟಡಕ್ಕಲ್ಲ, ಹಡಗಿಗಾಗಿ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಕತಾರಿನ ರಾಜಧಾನಿ ದೋಹಾದ ಕಟಾರಾ ಕಲ್ಚರಲ್ ವಿಲೇಜನ್ನು ಹಳೇ ಊರು ಅಂದುಕೊಂಡು ಹೋಗಬೇಡಿ. ಇಕ್ಕಟ್ಟಾದ ಓಣಿ, ಮರಳು ಬಣ್ಣದ ಗೋಡೆ, ದಪ್ಪ ಮರದ ಬಾಗಿಲು ಎಲ್ಲ ಇವೆ, ಆದರೆ ಇದು ಜನರಿಗೆ ತೆರೆದದ್ದೇ 2010ರಲ್ಲಿ. ವೆಸ್ಟ್ ಬೇ ಕಡೆಯ ಎತ್ತರದ ಕಟ್ಟಡಗಳಿಗೂ ಪರ್ಲ್ ದ್ವೀಪಕ್ಕೂ ನಡುವಿನ ಕಡಲತೀರದಲ್ಲಿ, ಕಲೆ, ಸಂಗೀತ, ಪರಂಪರೆ ಎಲ್ಲಕ್ಕೂ ಒಂದೇ ಕಡೆ ಜಾಗ ಇರಲಿ ಅಂತ ಹೊಸದಾಗಿ ಕಟ್ಟಿದ್ದು. ಸುಮ್ನೆ ತಿರುಗಾಡಲು ಟಿಕೆಟ್ ಇಲ್ಲ. ಬೇಕಾದಷ್ಟು ಹೊತ್ತು ಅಡ್ಡಾಡಬಹುದು.

ಫೋಟೋಗೆ ಹೋಗುವವರಿಗೆ ಕೊರತೆಯೇ ಇಲ್ಲ. ಕಡಲಿಗೆ ಎದುರಾಗಿರುವ ಬಯಲು ರಂಗಮಂದಿರದಲ್ಲಿ ಸುಮಾರು 5,000 ಜನ ಕೂರಬಹುದು. ಮೆಟ್ಟಿಲುಗಳು ಗ್ರೀಕ್ ಮಾದರಿ, ಕಮಾನುಗಳು ಇಸ್ಲಾಮಿಕ್ ಶೈಲಿ. ಕೇಳಿದರೆ ಕಲಬೆರಕೆ ಅನ್ನಿಸುತ್ತದೆ, ಸಂಜೆ ಬಿಸಿಲಲ್ಲಿ ಆ ಬಿಳಿ ಕಲ್ಲು ನೋಡಿದರೆ ಚೆನ್ನಾಗಿಯೇ ಇದೆ. ಒಪೆರಾ ಹೌಸ್ ಚಿಕ್ಕದು, 550 ಸೀಟು ಅಷ್ಟೆ. ಕತಾರ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸುವುದು ಇಲ್ಲೇ. ಪಾಶ್ಚಾತ್ಯ ಸಂಗೀತ ಗೊತ್ತಿಲ್ಲದಿದ್ದರೂ ಕಛೇರಿ ಇರುವ ದಿನ ಸಿಕ್ಕರೆ ಬಿಡಬೇಡಿ.

ಕಟ್ಟಡಗಳಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ನೀಲಿ ಮಸೀದಿ. ಝೆಯ್ನೆಪ್ ಫಾದಿಲ್ಲಿಓಗ್ಲು ಎಂಬ ಟರ್ಕಿಯ ವಿನ್ಯಾಸಕಿಯ ಕೆಲಸ ಅದು. ಗೋಡೆ ತುಂಬ ನೀಲಿ ಮತ್ತು ನೇರಳೆ ಟೈಲ್ಸ್, ಹತ್ತಿರ ಹೋದಷ್ಟೂ ಕುಸುರಿ ಕಾಣುತ್ತದೆ. ಪಕ್ಕದಲ್ಲೇ ಮಣ್ಣಿನ ಬಣ್ಣದ ಪಾರಿವಾಳದ ಗೋಪುರಗಳು, ಮೈತುಂಬ ತೂತು, ಹಕ್ಕಿ ಕೂರಲು ಚಾಚಿಕೊಂಡ ಮರದ ಕಡ್ಡಿಗಳು. ಇಂಥ ಗೋಪುರ ಕಟ್ಟುತ್ತಿದ್ದದ್ದು ಹಿಂದೆ ಹಿಕ್ಕೆಯನ್ನು ಗೊಬ್ಬರಕ್ಕೆ ಕೂಡಿಸಲು. ಈಗ ಅದರ ಮುಂದೆ ಮದುವೆ ಫೋಟೋ ತೆಗೆಸಿಕೊಳ್ಳುತ್ತಾರೆ, ಇರಲಿ ಬಿಡಿ.

ಆದರೆ ಇದನ್ನೆಲ್ಲ ನೋಡಿದ ಮೇಲೂ ನನಗೆ ಏನೋ ಕಮ್ಮಿ ಅನ್ನಿಸುತ್ತಿತ್ತು. ಎಲ್ಲವೂ ಜಾಸ್ತಿ ಚೊಕ್ಕ. ಯಾರೂ ವಾಸ ಮಾಡದ ಓಣಿ ಎಷ್ಟು ಚೆಂದ ಇದ್ದರೂ ನಾಟಕದ ಸೆಟ್ಟಿನ ಹಾಗೆ ಕಾಣುತ್ತದೆ, ಅದರಲ್ಲೂ ವಾರದ ನಡುವಿನ ಮಧ್ಯಾಹ್ನ ಹೋದರೆ ಮುಗಿಯಿತು.

ಆ ಕೊರತೆ ತುಂಬುವುದು ದೋವ್ ಉತ್ಸವದಲ್ಲಿ, ಅಂದರೆ ಅರಬ್ಬರ ಮರದ ಹಾಯಿ ಹಡಗುಗಳ ಹಬ್ಬದಲ್ಲಿ. 2011ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಹೊತ್ತಿಗೆ. ಆಗ ತೀರದ ಉದ್ದಕ್ಕೂ ಮರದ ಹಾಯಿ ಹಡಗುಗಳು ಬಂದು ನಿಲ್ಲುತ್ತವೆ. ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ (ಸರಕು ಸಾಗಿಸುವ ಮರದ ಹಡಗು) ನೋಡಿದವರಿಗೆ ಆ ಹಲಗೆ, ಆ ಹಗ್ಗ, ಆ ಎಣ್ಣೆ ವಾಸನೆ ಹೊಸದೇನಲ್ಲ. ಹೊಸದಾಗಿರಲು ಸಾಧ್ಯವೂ ಇಲ್ಲ, ಯಾಕೆಂದರೆ ಕೊಲ್ಲಿಯ ಹಡಗುಗಳಿಗೆ ಬೇಕಾದ ತೇಗ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ, ಮುಖ್ಯವಾಗಿ ಮಲಬಾರಿನಿಂದ. ಮರುಭೂಮಿಯಲ್ಲಿ ಹಡಗಿನ ಮರ ಎಲ್ಲಿ ಸಿಗಬೇಕು ಹೇಳಿ? ಮಲಬಾರಿನಿಂದ ಮರ ಬಂತು, ಕೊಲ್ಲಿಯಿಂದ ಮುತ್ತು ಮುಂಬೈಗೆ ಹೋಯಿತು. ಕತಾರಿನಲ್ಲಿ 1966ರವರೆಗೆ ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸಿದ ಗಲ್ಫ್ ರೂಪಾಯಿಯೇ ನಡೆಯುತ್ತಿತ್ತು. ದೋಹಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಎಷ್ಟೋ ನಮ್ಮವರಿಗೇ ಇದು ಗೊತ್ತಿಲ್ಲ.

ಉತ್ಸವದಲ್ಲಿ ಹಗ್ಗ ಹೊಸೆಯುವವರು, ಬಲೆ ಹೆಣೆಯುವವರು, ಹಲಗೆ ಜೋಡಿಸುವವರು ನಿಮ್ಮ ಎದುರೇ ಕೂತು ಕೆಲಸ ಮಾಡುತ್ತಾರೆ. ಮುತ್ತಿನ ಕಸುಬಿನ ಕಥೆಯೂ ಅಲ್ಲೇ ತೆರೆದುಕೊಳ್ಳುತ್ತದೆ. ಮುಳುಗುವವನ ಮೂಗಿಗೆ ಒಂದು ಕ್ಲಿಪ್ಪು, ಬೇಗ ತಳ ಮುಟ್ಟಲು ಕಾಲಿಗೆ ಕಲ್ಲು. ಮೇಲೆ ಹಗ್ಗ ಹಿಡಿದು ಒಬ್ಬ ನಿಂತಿರುತ್ತಾನೆ, ಕೆಳಗಿನವನು ಎಳೆದು ಸೂಚನೆ ಕೊಟ್ಟ ತಕ್ಷಣ ಅವನನ್ನು ಮೇಲೆತ್ತಬೇಕು. ಕೆಳಗಿನವನ ಜೀವ ಇದ್ದದ್ದು ಆ ಹಗ್ಗದಲ್ಲೇ. ಹಡಗಿನಲ್ಲಿ ಹಾಡುವುದೇ ಕೆಲಸವಾಗಿದ್ದ ಒಬ್ಬ ಇರುತ್ತಿದ್ದ, ಅವನಿಗೆ ನಹ್ಹಾಮ್ ಅನ್ನುತ್ತಾರೆ. ಆ ಹಾಡುಗಳನ್ನು ಈಗ ತಂಡಗಳು ಚಪ್ಪಾಳೆ, ಡೋಲಿನ ಜೊತೆ ಹಾಡುತ್ತವೆ, ಭಾಷೆ ಒಂದಕ್ಷರ ಬರದಿದ್ದರೂ ನಿಂತು ಕೇಳುತ್ತೀರಿ. 1930ರ ದಶಕದಲ್ಲಿ ಜಪಾನಿನ ಸಾಕಣೆ ಮುತ್ತು ಮಾರುಕಟ್ಟೆ ತುಂಬಿ, ಜೊತೆಗೆ ಜಗತ್ತಿನ ಆರ್ಥಿಕ ಕುಸಿತವೂ ಸೇರಿ, ಈ ಕಸುಬು ನೆಲ ಕಚ್ಚಿತು. ಕತಾರ್ ತೈಲ ರಫ್ತು ಶುರು ಮಾಡಿದ್ದು 1949ರ ಕೊನೆಗೆ. ನಡುವಿನ ವರ್ಷಗಳಲ್ಲಿ ಇಲ್ಲಿನ ಜನ ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಇಷ್ಟು ತಿಳಿದುಕೊಂಡು ತೀರದಲ್ಲಿ ನಿಂತರೆ ಆಚೆ ಕಾಣುವ ಗಾಜಿನ ಕಟ್ಟಡಗಳೂ ಬೇರೆ ಥರ ಕಾಣುತ್ತವೆ.

ಮಕ್ಕಳಿದ್ದರೆ ಅಲ್ ಥುರಾಯಾ ತಾರಾಲಯಕ್ಕೆ ಕರೆದುಕೊಂಡು ಹೋಗಿ, ಪ್ರದರ್ಶನದ ವೇಳೆ ಮೊದಲೇ ನೋಡಿಕೊಂಡರೆ ಒಳ್ಳೆಯದು. ಗ್ಯಾಲರಿಗಳ ವಿಷಯದಲ್ಲೂ ಅಷ್ಟೆ, ಏನಿದೆ ಅಂತ ತಿಳಿದುಕೊಂಡೇ ಹೊರಡಿ. ಬೇಸಿಗೆಯಲ್ಲಿ ದಯವಿಟ್ಟು ಬೇಡ. 40 ಡಿಗ್ರಿ ದಾಟಿದ ಸೆಕೆಗೆ ಕಡಲ ಕಡೆಯ ಗಾಳಿಯೂ ಸಮಾಧಾನ ಕೊಡುವುದಿಲ್ಲ, ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಾಗುತ್ತದೆ. ಅಂಗಡಿ ಸಾಲಿನ ಬೀದಿಯಲ್ಲಿ ಬಯಲಿಗೇ ಏಸಿ ಹಾಕಿದ್ದಾರೆ, ನೆಲದ ಜಾಲರಿಯಿಂದ ತಣ್ಣನೆ ಗಾಳಿ ಬರುತ್ತದೆ. ಆಕಾಶಕ್ಕೆ ಏಸಿ ಹಾಕೋದು ಅಂದರೆ ಇದೇ ಅಲ್ವಾ! ನನಗಂತೂ ಅಲ್ಲಿ ನಿಂತು ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಊಟದ ವಿಷಯ ನೇರವಾಗಿ ಹೇಳುತ್ತೇನೆ. ಕಡಲು ಕಾಣುವ ಟೇಬಲ್ ಬೇಕು ಅಂದರೆ ಜೇಬು ಗಟ್ಟಿ ಇರಬೇಕು. ಒಂದು ರೆಸ್ಟೋರೆಂಟಿನಲ್ಲಿ ನಮ್ಮನ್ನು ಕೂರಿಸಿ ಮರೆತೇಬಿಟ್ಟರು, ಮೀನು ಬರುವಷ್ಟರಲ್ಲಿ ಹಸಿವೇ ಸತ್ತಿತ್ತು, ಬಿಲ್ಲು ಮಾತ್ರ ಕೂಡಲೇ ಬಂತು. ಆಮೇಲೆ ಜಾಣರಾಗಿ ಚಪಾತಿ ಅಂಡ್ ಕರಕ್ ಅಂಗಡಿಗೆ ಹೋಗುವುದು ರೂಢಿಯಾಯಿತು. ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಹಾಲಿನ ಚಹಾ, ಜೊತೆಗೆ ಮೊಟ್ಟೆಯೋ ಚೀಸೋ ಸುತ್ತಿದ ಬಿಸಿ ಚಪಾತಿ. ಕೆಲವೇ ರಿಯಾಲ್‌ನಲ್ಲಿ ಹೊಟ್ಟೆ ತಣ್ಣಗಾಗುತ್ತದೆ. ಸಾಲು ಉದ್ದ ಇರುತ್ತದೆ, ಆದರೆ ಬೇಗ ಕರಗುತ್ತದೆ.

ಹೋಗಲು ಮೆಟ್ರೋ ಸಾಕು, ರೆಡ್ ಲೈನಿನಲ್ಲಿ ಕಟಾರಾ ಹೆಸರಿನದೇ ನಿಲ್ದಾಣವಿದೆ, ಒಂದು ಸಲದ ಮಾಮೂಲಿ ಪ್ರಯಾಣಕ್ಕೆ 2 ರಿಯಾಲ್. ಉತ್ಸವದ ದಿನಗಳಲ್ಲಿ ಕಾರ್ ಪಾರ್ಕಿಂಗ್ ಹುಡುಕುವ ಸಾಹಸಕ್ಕೆ ಇಳಿಯಲೇಬೇಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ, ಶನಿವಾರ ಇಲ್ಲಿ ರಜೆ, ಸಂಜೆ ಇಡೀ ದೋಹಾ ಇಲ್ಲೇ ಇರುತ್ತದೆ. ಹಡಗುಗಳನ್ನು ಸಮಾಧಾನವಾಗಿ ನೋಡಬೇಕು, ಬಡಗಿಗಳ ಜೊತೆ ನಾಲ್ಕು ಮಾತಾಡಬೇಕು ಅಂದರೆ ವಾರದ ನಡುವಿನ ಸಂಜೆಯೇ ಸರಿ.