ನಿಮ್ಹಾನ್ಸ್ ಬ್ರೈನ್ ಮ್ಯೂಸಿಯಂ: ಮೂರನೇ ಸಲ ಹೋಗಿ ಬಂದ ಮೇಲೆ

ಊಟ ಮಾಡಿದ ತಕ್ಷಣ ಹೋಗಬೇಡಿ. ಫಾರ್ಮಲಿನ್ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ಹತ್ತುತ್ತದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿ ನ್ಯೂರೋಪೆಥಾಲಜಿ ವಿಭಾಗದವರು ನಡೆಸುವ ಮ್ಯೂಸಿಯಂ ಇದು. ದಿನಾ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೊರಡಿ.

ಒಳಗೆ ಜಾಡಿಗಳ ಸಾಲು. ಪಾರ್ಶ್ವವಾಯು ಹೊಡೆದ ಮೆದುಳು, ಅಪಘಾತದಲ್ಲಿ ರಕ್ತ ಹೆಪ್ಪುಗಟ್ಟಿದ ಮೆದುಳು, ಲಾಡಿಹುಳುವಿನ ಮರಿಗಳು ತೂತು ಮಾಡಿದ ಮೆದುಳು, ಗಡ್ಡೆ ಬೆಳೆದ ಮೆದುಳು. ಬೈಕ್ ಓಡಿಸುವ ಮಗ ಮನೆಯಲ್ಲಿದ್ದರೆ ಕರೆದುಕೊಂಡು ಹೋಗಿ. ಹೆಲ್ಮೆಟ್ ಬಗ್ಗೆ ಮತ್ತೆ ಹೇಳಬೇಕಾಗಿ ಬರಲಿಕ್ಕಿಲ್ಲ.

ಆಮೇಲೆ ಗ್ಲೌಸ್ ಹಾಕಿಸಿ ನಿಜವಾದ ಮೆದುಳನ್ನೇ ಕೈಗೆ ಕೊಡುತ್ತಾರೆ. ನಾನು ಗಿಣ್ಣಿನ ಹಾಗೆ ಮೆತ್ತಗಿರುತ್ತದೆ ಅಂದುಕೊಂಡಿದ್ದೆ. ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ರಬ್ಬರಿನಷ್ಟು ಗಟ್ಟಿ. ದೊಡ್ಡವರ ಮೆದುಳು 1.3ರಿಂದ 1.4 ಕಿಲೋ ತೂಗುತ್ತದೆ. ದಾವಣಗೆರೆಯಲ್ಲಿ ನನ್ನದು ಬ್ಯಾಟರಿ ಅಂಗಡಿ. ಸ್ಕೂಟಿ ಬ್ಯಾಟರಿ ಎತ್ತಿ ಎತ್ತಿ ಕೈಗೆ ರೂಢಿಯಾದ ತೂಕವೇ ಅದು.

ನನಗೆ ನೋಡಬೇಕಿದ್ದದ್ದು ಅದರ ಬುಡ, ಪಾನ್ಸ್ ಎಂಬ ಭಾಗ. ಹೆಬ್ಬೆರಳಿನ ತುದಿಯಷ್ಟೇ ಉದ್ದ. ಕಣ್ಣು ಹೊರಳುವುದು, ನಗುವುದು, ನುಂಗುವುದು, ಉಸಿರಾಟ, ಎಲ್ಲದಕ್ಕೂ ಅದು ಬೇಕು. ನನ್ನ ಮಗಳಿಗೆ ಗಡ್ಡೆ ಬಂದದ್ದು ಅಲ್ಲೇ. ಡಿಐಪಿಜಿ ಅನ್ನುತ್ತಾರೆ. ಮೊದಲು ಮೆಳ್ಳೆಗಣ್ಣು ಬಂತು, ಕನ್ನಡಕ ಕೊಡಿಸಿದೆವು. ಆಮೇಲೆ ನಗು ಒಂದೇ ಕಡೆಗೆ ವಾಲಿತು. 30 ಸಲ ರೇಡಿಯೇಶನ್ ಆದ ಮೇಲೆ ಮೂರು ತಿಂಗಳು ಚೆನ್ನಾಗಿದ್ದಳು. ಸ್ಟೆರಾಯ್ಡ್ ಹಸಿವಿಗೆ ನಡುರಾತ್ರಿ ಬೆಣ್ಣೆದೋಸೆ ಕೇಳುತ್ತಿದ್ದಳು. ಏಳು ತುಂಬಲಿಲ್ಲ.

ಯಾಕೆ ಆಪರೇಶನ್ ಮಾಡಲಿಲ್ಲ ಎಂದು ಎರಡು ವರ್ಷ ಡಾಕ್ಟರುಗಳ ಮೇಲೆ ಕೋಪ ಇತ್ತು. ಮ್ಯೂಸಿಯಂನಲ್ಲಿ ಆ ಬುಡ ಮುಟ್ಟಿದಾಗ ಗೊತ್ತಾಯಿತು. ಈ ಗಡ್ಡೆ ಉಂಡೆಯಾಗಿ ಇರುವುದಿಲ್ಲ, ಅಕ್ಕಿಹಿಟ್ಟಿಗೆ ಮೈದಾ ಬೆರೆತ ಹಾಗೆ ಒಳ್ಳೆಯ ಜೀವಕೋಶಗಳ ನಡುವೆ ಸೇರಿಕೊಂಡಿರುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ಏನನ್ನು ಕತ್ತರಿಸಿ ಏನನ್ನು ಬಿಡುವುದು?

ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರೆನ್ 1962ರಲ್ಲಿ ಇದೇ ಗಡ್ಡೆಯಿಂದ ತೀರಿಕೊಂಡಳು. ಮೂರು ವರ್ಷವೂ ಆಗಿರಲಿಲ್ಲ. ಅವಳಿಗೂ ರೇಡಿಯೇಶನ್ ಕೊಟ್ಟಿದ್ದರು. ನಮ್ಮವಳಿಗೂ ಅದೇ. ನಡುವೆ ಅರವತ್ತು ವರ್ಷ ಕಳೆದಿತ್ತು ಅಲ್ವಾ?

ಇಷ್ಟು ನಿಧಾನವಾಗಲು ಒಂದು ಕಾರಣ, ಸಂಶೋಧಕರ ಕೈಗೆ ಗಡ್ಡೆಯ ತುಣುಕೇ ಸಿಗುತ್ತಿರಲಿಲ್ಲ. ಬದುಕಿರುವ ಮಗುವಿನಿಂದ ತೆಗೆಯಲು ಭಯ. ಕೊನೆಗೆ ಕೊಟ್ಟವರು ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು. ಅಂಥ ಒಂದು ದಾನದಿಂದಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಡಾ. ಮಿಷೆಲ್ ಮೋಂಜೆ ಅವರ ತಂಡ ಈ ಗಡ್ಡೆಯ ಜೀವಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ 2011ರಲ್ಲಿ ಪ್ರಕಟಿಸಿತು. 2012ರಲ್ಲಿ ಇದರ ಹಿಂದಿರುವ ಎಚ್3ಕೆ27ಎಂ ಎಂಬ ವಂಶವಾಹಿ ಬದಲಾವಣೆ ಪತ್ತೆಯಾಯಿತು. ಆ ಬದಲಾವಣೆ ಇದ್ದು, ಚಿಕಿತ್ಸೆಯ ನಂತರವೂ ಬೆಳೆಯುವ ಗಡ್ಡೆಗೆ ಡಾರ್ಡಾವಿಪ್ರೋನ್ ಎಂಬ ಮಾತ್ರೆಯನ್ನು ಅಮೆರಿಕ ಆಗಸ್ಟ್ 2025ರಲ್ಲಿ ಒಪ್ಪಿತು. ವಾಸಿ ಮಾಡುವ ಔಷಧಿ ಅಲ್ಲ ಅದು. ಆದರೂ ಏನೂ ಇಲ್ಲದ ಕಡೆ ಒಂದು ಬಂತು.

ನಮ್ಮನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ಹಾಗೆ ಕೊಡಬಹುದು ಎಂದು ನಮಗೂ ಗೊತ್ತಿರಲಿಲ್ಲ. ಆಗ ಕೇಳಿದ್ದರೆ ಹೊಡೆಯಲು ಹೋಗುತ್ತಿದ್ದೆನೋ ಏನೋ. ನನ್ನ ಹೆಂಡತಿ ಮಾತ್ರ "ನಾನು ಕೊಡುತ್ತಿದ್ದೆ" ಅನ್ನುತ್ತಾಳೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಇದನ್ನು ಮೊದಲು ತಿಳಿದದ್ದು ಈ ಮ್ಯೂಸಿಯಂಗೆ ಹೋದಾಗಲೇ. ಈಗ ಕನ್ನಡದಲ್ಲಿ ಒಂದು ಹಾಳೆ ಬರೆಸಿ ಝೆರಾಕ್ಸ್ ಮಾಡಿ ಹಂಚುತ್ತೇನೆ. ಮಕ್ಕಳ ಮೆದುಳು ಕ್ಯಾನ್ಸರ್ ಸಂಶೋಧನೆಗೆ ಬೇರೆಯೇ ಹಣ ಇಡಿ, ದಾನದ ವಿಷಯ ಮನೆಯವರಿಗೆ ಮೆಲ್ಲಗೆ ತಿಳಿಸುವವರನ್ನು ಪ್ರತಿ ಆಸ್ಪತ್ರೆಯಲ್ಲೂ ನೇಮಿಸಿ ಎಂದು ಕೇಳಿ ಪತ್ರಗಳನ್ನೂ ಬರೆದಿದ್ದೇನೆ. ಸ್ವೀಕೃತಿ ಚೀಟಿ ಒಂದು ಬಂದಿದೆ.

ಒಂದು ಎಚ್ಚರಿಕೆ. ಮಗುವಿಗೆ ಚಿಕಿತ್ಸೆ ನಡೆಯುತ್ತಿರುವ ತಂದೆತಾಯಿಯನ್ನು ಇಲ್ಲಿಗೆ ಕರೆತರಬೇಡಿ. ಎರಡನೇ ಸಲ ನಾನು ಆ ತಪ್ಪು ಮಾಡಿದೆ. ಆ ಮನುಷ್ಯ ಗಡ್ಡೆಯ ಜಾಡಿ ನೋಡಿ ಸುಮ್ನೆ ಹೊರಗೆ ನಡೆದುಬಿಟ್ಟರು. ಗೇಟಿನ ಹತ್ತಿರ ಟೀ ಕೊಡಿಸಿದೆ. ಕುಡಿಯಲಿಲ್ಲ.

ಸ್ಟಾರ್ ಕೊಡಲೇಬೇಕು ಅಂದರೆ ಐದು. ನನ್ನ ಹೆಂಡತಿ ಮೂರನೇ ಸಲಕ್ಕೆ ಜೊತೆಗೆ ಬಂದಳು. ಮುಟ್ಟುವುದಿಲ್ಲ ಎಂದು ಬಸ್ಸಿನಲ್ಲೇ ಹೇಳಿದ್ದಳು. ಅರ್ಧ ಗಂಟೆ ಬಾಗಿಲ ಹತ್ತಿರವೇ ನಿಂತಿದ್ದಳು. ಶಾಲೆ ಮಕ್ಕಳ ಗುಂಪು ಹೋದ ಮೇಲೆ ಗ್ಲೌಸ್ ಕೇಳಿ ಹಾಕಿಕೊಂಡಳು. "ಪಾನ್ಸ್ ಯಾವುದು ತೋರಿಸಿ ಸರ್" ಅಂದಳು. ಅವರು ತೋರಿಸಿದ ಕಡೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ, ತಾನು ಮೆದುಳು ದಾನ ಮಾಡಬೇಕಾದರೆ ಯಾರನ್ನು ಕೇಳಬೇಕು ಎಂದು ವಿಚಾರಿಸಿದಳು.

ತುಮಕೂರು ದಾಟಿದ ಮೇಲೂ ಅವಳ ಕೈಯಲ್ಲಿ ಆ ವಾಸನೆ ಇತ್ತು.